ನೂರ ಹದಿಮೂರನೆಯ ಪುಟ

ಭಾನುವಾರ ಬೆಳಿಗ್ಗೆ ಡೇರಿಯ ಕೊನೆಯ ಕ್ಯಾನಿಗೆ ಮುಚ್ಚಳ ಬಿಗಿಸಿ, ಸ್ಯಾಂಪಲ್ ಬಾಟಲಿಗಳನ್ನು ಬಕೆಟ್ಟಿನ ನೀರಿಗೆ ಹಾಕಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಿಮ್ಮೇಶ ಮೊಬೈಲು ನೋಡಿದ. ನೋಡದಿದ್ದರೂ ಆಗಿದ್ದು ಆಗಿಯೇ ಇರುತ್ತಿತ್ತು. ಆದರೆ ಇನ್ನೂ ಮೂರು ಗಂಟೆ ಕಾಲ ನೆಮ್ಮದಿಯಾಗಿ ಇರಬಹುದಿತ್ತು. ಓದುಗರ ಕೂಟದ ಗ್ರೂಪಿನಲ್ಲಿ ಶ್ರೀರಂಗಪಟ್ಟಣದ ಪ್ರಮೀಳಾ ಬರೆದಿದ್ದಳು: 'ಲೈಬ್ರರಿಯಿಂದ ತಂದಿದ್ದ ಹಿಟ್ಟಿನ ಮಿಲ್ಲಿನವನ ಕಾದಂಬರಿ ನಿನ್ನೆ ಮುಗಿಯಿತು. ಅರ್ಧದವರೆಗೆ ನಗಿಸಿ ನಗಿಸಿ ಆಮೇಲೆ ಹೀಗೆ ಮಾಡುವುದೇ? ಮಗು ನಾಲೆಗೆ ಬೀಳುವ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತಿದ್ದೆ.' ತಿಮ್ಮೇಶ ಅದನ್ನು ಎರಡು ಸಲ ಓದಿದ. ಯಾವ ಮಗು ಎಂದು ಮೊದಲು ಹೊಳೆಯಲಿಲ್ಲ. ಆಮೇಲೆ ಅರವತ್ತನೆಯದೋ ಎಪ್ಪತ್ತನೆಯದೋ ಪುಟದಲ್ಲಿ ಹಿಟ್ಟಿನ ಡಬ್ಬದೊಳಗೆ ಬಚ್ಚಿಟ್ಟುಕೊಂಡು, ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಗೆ ಬಂದು, ಇಬ್ಬರು ಹೆಂಡಿರ ಜಗಳವನ್ನು ನಿಲ್ಲಿಸಿದ ಹುಡುಗ ನೆನಪಾದ. ಆ ಹುಡುಗನೇ. ಮತ್ತೆ ಆ ಪುಸ್ತಕದ ತನ್ನ ಪ್ರತಿ ಈಗ ಎಲ್ಲಿದೆ ಎನ್ನುವುದು ನೆನಪಾಗಿ, ತೊಳೆಯಬೇಕಾದ ಬಾಟಲಿಗಳನ್ನು ಅಲ್ಲೇ ಬಿಟ್ಟು ಡೇರಿಯ ಮೆಟ್ಟಿಲ ಮೇಲೆ ಕುಳಿತ. ಅದು ಹೊಣಕೆರೆಯ ಸಿದ್ದಲಿಂಗಮ್ಮನ ಮನೆಯಲ್ಲಿತ್ತು. ಹೋದ ತಿಂಗಳು ಅವನೇ ಕೈಯಾರೆ ಕೊಟ್ಟಿದ್ದ, ನಗೆಯ ಪುಸ್ತಕ ಅಂತ. ಸಿದ್ದಲಿಂಗಮ್ಮನ ಮಗ ಒಂಬತ್ತು ವರ್ಷದ ಹಿಂದೆ ನಾಲೆಗೆ ಬಿದ್ದು ಸತ್ತಿದ್ದ.

ಕೂಟದ ನಿಯಮಗಳು ಹೆಚ್ಚಿಲ್ಲ. ತಿಂಗಳ ಮೊದಲ ಭಾನುವಾರ ಪಾಂಡವಪುರದಲ್ಲಿ ಸೇರುವುದು; ಒಬ್ಬೊಬ್ಬರೂ ತಾವು ಈಗ ಓದುತ್ತಿರುವುದು ಏನು, ಎಷ್ಟನೇ ಪುಟದಲ್ಲಿದ್ದೇವೆ ಎಂದು ಹೇಳುವುದು; ಓದಿ ಮುಗಿಸಿದ ಒಂದು ಪುಸ್ತಕವನ್ನು ಇಂಥವರು ಓದಬೇಕು ಎಂದು ಹೆಸರು ಹಿಡಿದು ಒಬ್ಬರಿಗೆ ಕೊಡುವುದು. ಉಳಿದ ಭಾನುವಾರಗಳಂದು ಸಂಜೆ ಅದನ್ನೇ ಗ್ರೂಪಿನಲ್ಲಿ ಬರೆದರಾಯಿತು. ಕೊಡುವ ಮುಂಚೆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಹೆಸರು, ಊರು, ತಾರೀಕು ಬರೆದು 'ಓದಿ ಮುಗಿಸಿದೆ' ಎಂದು ರುಜು ಹಾಕಬೇಕು. ದೇವಲಾಪುರದ ನಿವೃತ್ತ ಹೆಡ್‌ಮೇಷ್ಟ್ರು ಚಿಕ್ಕಬೀರಯ್ಯನವರು ಮಾಡಿದ ನಿಯಮ ಇದು. ಸ್ಕೂಲಿನ ಹಾಜರಿ ಪುಸ್ತಕ ಕೈಬಿಟ್ಟರೂ ಹಾಜರಿ ಹಾಕಿಸುವ ಚಟ ಅವರನ್ನು ಬಿಟ್ಟಿರಲಿಲ್ಲ. ತಿಮ್ಮೇಶ ಮೂರು ವರ್ಷದಲ್ಲಿ ಮೂವತ್ತೊಂದು ಪುಸ್ತಕಕ್ಕೆ ಹಾಗೆ ರುಜು ಹಾಕಿದ್ದ. ಅದರಲ್ಲಿ ಪೂರ್ತಿ ಓದಿದ್ದು ನಾಲ್ಕು. ಅವನು ಸುಳ್ಳುಗಾರನಲ್ಲ, ತನ್ನನ್ನು ಹಾಗೆ ಅವನು ಯಾವತ್ತೂ ಅಂದುಕೊಂಡಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ, ಅಕ್ಕಿಹೆಬ್ಬಾಳಿನಿಂದ ಎರಡು ಮೈಲಿ ದೂರದ ತನ್ನೂರಿನ ಡೇರಿಯಲ್ಲಿ ಅವನು ಟೆಸ್ಟರ್. ನಲವತ್ತು ಲೀಟರ್ ಕ್ಯಾನಿನ ಹಾಲು ಎಂಥದ್ದು ಅಂತ ಬೆರಳುದ್ದದ ಬಾಟಲಿಯಲ್ಲಿ ತೆಗೆದು ನೋಡಿ ಹೇಳುವುದು ಅವನ ಕೆಲಸ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಲದೆ? ಮೊದಲ ನಲವತ್ತು ಐವತ್ತು ಪುಟ, ಕೊನೆಯ ಒಂದು ಪುಟ, ಹಿಂಬದಿಯ ರಟ್ಟಿನ ಮೇಲೆ ಅಚ್ಚು ಹಾಕಿದ ನಾಲ್ಕು ಸಾಲು: ಮೇಲಿನಿಂದ ಒಂದು, ತಳದಿಂದ ಒಂದು. ಅಷ್ಟರಲ್ಲಿ ಪುಸ್ತಕ ಎಂಥದ್ದೆಂದು ಅವನಿಗೆ ಗೊತ್ತಾಗುತ್ತಿತ್ತು, ಹೇಳಿದ್ದು ತಪ್ಪಾಗಿದ್ದೂ ಇಲ್ಲ. ತಪ್ಪಾಗಿದ್ದರೆ ಹೇಳುವವರು ಯಾರು? ಉಳಿದವರೂ ಅಷ್ಟೇ ಓದುತ್ತಾರೇನೋ ಎಂಬ ಅನುಮಾನ ಅವನಿಗೆ ಇದ್ದೇ ಇತ್ತು, ಅದು ಒಂದು ಬಗೆಯ ಸಮಾಧಾನ. ಹೆಂಡತಿ ಉಮ ಮಾತ್ರ ಒಂದು ಸಲ, ಸೊಪ್ಪು ಸೋಸುತ್ತ ಕುಳಿತವಳು, ಅವನು ಫೋನಿನಲ್ಲಿ ಯಾರಿಗೋ ಒಂದು ಕಾದಂಬರಿಯನ್ನು ಕೊಂಡಾಡುವುದನ್ನು ಕೇಳಿಸಿಕೊಂಡು, "ಅಲ್ಲಾ, ಆ ಪುಸ್ತಕ ಟಿವಿ ಮ್ಯಾಗೆ ಮಡಗಿದ್ದು ಮಡಗ್ದಂಗೇ ಐತಲ್ಲ, ಯಾವಾಗ ಓದುದ್ರಿ?" ಅಂದಿದ್ದಳು. ಅವನು ಫೋನು ಹಿಡಿದುಕೊಂಡು ಜಗಲಿಗೆ ಹೋಗಿದ್ದ.

ಈ ಮಿಲ್ಲಿನವನ ಕಾದಂಬರಿಯನ್ನು ನಿಜ ಹೇಳಬೇಕೆಂದರೆ ಅವನು ಮಿಕ್ಕವುಗಳಿಗಿಂತ ಹೆಚ್ಚೇ ಓದಿದ್ದ. ನಗು ಬರುತ್ತಿತ್ತು, ಅದಕ್ಕೆ. ಬಸ್ಸಿನಲ್ಲಿ, ಚಿನಕುರಳಿ ದಾಟುವ ಹೊತ್ತಿಗೆ ನೂರ ಹನ್ನೆರಡನೇ ಪುಟ ಮುಗಿಸಿ, ಮುಂದೆ ಎಷ್ಟಿದೆ ಎಂದು ತಿರುವಿ ನೋಡಿದರೆ ಹಾಳೆಗಳು ಬಿಡಿಸಿಕೊಳ್ಳಲಿಲ್ಲ. ಪ್ರೆಸ್ಸಿನವರು ಮೇಲಂಚು ಸರಿಯಾಗಿ ಕತ್ತರಿಸದೆ ಎಂಟು ಹಾಳೆ ಒಂದಕ್ಕೊಂದು ಕೂಡಿಕೊಂಡೇ ಉಳಿದಿದ್ದವು. ಉಗುರಲ್ಲಿ ಬಿಡಿಸಿ ನೋಡಿದ. ಹರಿಯುತ್ತದೆ ಅನ್ನಿಸಿತು. ಮನೆಗೆ ಹೋಗಿ ಬ್ಲೇಡಿನಲ್ಲಿ ಸೀಳೋಣ ಎಂದು ಚೀಲಕ್ಕೆ ಹಾಕಿದ. ಹಾಕಿದ್ದು ಹಾಕಿದ್ದೇ. ಕೂಟದ ಹಿಂದಿನ ದಿನ ತೆಗೆದು ಕೊನೆಯ ಪುಟ ನೋಡಿದ. ಅಲ್ಲಿ ನಿಂತುಹೋಗಿದ್ದ ಮಿಲ್ಲು ಮತ್ತೆ ಶುರುವಾಗುತ್ತಿತ್ತು, ಕಿರಿಯ ಹೆಂಡತಿ ಏನೋ ಹೇಳಿ ಹಿರಿಯವಳು ನಗುತ್ತಿದ್ದಳು. ಸರಿ, ಮೊದಲಿನಿಂದ ಕೊನೆಯವರೆಗೂ ನಗೆಯೇ ಅಂದುಕೊಂಡು ರುಜು ಹಾಕಿದ. ಕೂಡಿಕೊಂಡಿದ್ದ ಹಾಳೆಗಳ ಆಚೆಗೆ, ಯಾವುದೋ ಒಂದು ಪುಟದಲ್ಲಿ, ಆ ಹುಡುಗ ನೀರಿಗೆ ಬೀಳುತ್ತಲೇ ಇದ್ದ.

ಆ ದಿನದ ಕೂಟಕ್ಕೆಂದು ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಾಗ ಮೇಷ್ಟ್ರ ಫೋನು ಬಂತು. ಅದು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಪ್ರಮೀಳಾ ಬರೆದದ್ದನ್ನು ಎಂಟೂ ಜನ ನೋಡಿ ಆಗಿತ್ತು, ಒಬ್ಬರೂ ಒಂದಕ್ಷರ ಬರೆದಿರಲಿಲ್ಲ. ಪ್ರಮೀಳಾ ಹೊಸಬಳು, ಹೋದ ತಿಂಗಳ ಕೂಟಕ್ಕೂ ಬಂದಿರಲಿಲ್ಲ; ಸಿದ್ದಲಿಂಗಮ್ಮನ ಮಗನ ವಿಷಯವಾಗಲಿ, ಆ ಪುಸ್ತಕ ಯಾರ ಕೈ ಸೇರಿದೆ ಎನ್ನುವುದಾಗಲಿ ಅವಳಿಗೆ ಗೊತ್ತಿರಲಿಲ್ಲ, ಮಿಕ್ಕವರಿಗೆಲ್ಲ ಗೊತ್ತಿತ್ತು.

"ತಿಮ್ಮೇಶ, ಅದೇ ಪುಸ್ತಕ ಅಲ್ವೇನ್ಲಾ ನೀನು ಸಿದ್ದಲಿಂಗಮ್ಮಂಗೆ ಕೊಟ್ಟಿದ್ದು?" ಅಂದರು ಮೇಷ್ಟ್ರು.

"ಊಂ ಸಾ. ಅದೇಯ."

"ನೋಡಿ ಕೊಡ್ರಪ್ಪ, ಆವಮ್ಮನ ವಿಷ್ಯ ಇಂಗಿಂಗೆ ಅಂತ ನಿಮ್ಗೆಲ್ಲ ಅಷ್ಟು ಬುಡುಸಿ ಏಳಿದ್ನಲ್ಲೋ. ನೀನು ಓದಿದ್ದೆ ತಾನೆ ಅದ?"

ಓದಿರಲಿಲ್ಲ ಸಾ ಅನ್ನಬಹುದಿತ್ತು. ಎರಡು ಪದದ ಮಾತು. ಅವನ ಬಾಯಲ್ಲಿ ಅದು ಸಿದ್ಧವಾಗಿಯೂ ಇತ್ತು. ಆದರೆ ಅದರ ಹಿಂದೆ ಮೂವತ್ತು ಚಿಲ್ಲರೆ ರುಜುಗಳು ಸಾಲಾಗಿ ನಿಂತಿದ್ದು ಕಾಣಿಸಿತು. ಒಂದನ್ನು ಎಳೆದರೆ ಎಲ್ಲವೂ ಬರುತ್ತಿದ್ದವು. "ಓದೇ ಕೊಟ್ಟಿದ್ದು ಸಾ," ಅಂದ. ಅಷ್ಟಕ್ಕೇ ನಿಲ್ಲಿಸಿದರೆ ಇನ್ನೂ ಕೆಟ್ಟವನಾಗುತ್ತೇನೆ ಎಂದು ಗೊತ್ತಾಗಿ, ಮುಂದಿನ ಮಾತನ್ನು ಯಾರೋ ಹೇಳಿಕೊಟ್ಟ ಹಾಗೆ ಹೇಳಿದ: "ಎಷ್ಟು ದಿನ ಸಾ ಅವ್ರಿಗೆ ಬರೀ ನಗೋ ಪುಸ್ತಕನೇ ಕೊಡಾದು? ಬೇಕಂತ್ಲೇ ಕೊಟ್ಟೆ."

ಲೈನು ಕಟ್ಟಾಯಿತೇನೋ ಎಂದು ತಿಮ್ಮೇಶ ಮೊಬೈಲನ್ನು ಕಿವಿಯಿಂದ ತೆಗೆದು ನೋಡಿದ. ಆಮೇಲೆ ಮೇಷ್ಟ್ರು ನಿಧಾನವಾಗಿ, "ಅಂಗೋ. ನಂಗೆ ಒಳೀಲೇ ಇಲ್ಲ ಕಣ್ಲಾ ಇದು. ನಿಂದು ದೊಡ್ಡ ಎದೆ," ಅಂದು ಫೋನಿಟ್ಟರು. ಬಸ್ಸು ಹೊರಟಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಎದೆಯಲ್ಲಿ ಒಂಥರಾ ಬೆಚ್ಚಗಾಯಿತು. ಹತ್ತು ನಿಮಿಷದವರೆಗೆ ತಾನು ಬೇಕೆಂದೇ ಕೊಟ್ಟಿದ್ದೆ ಎಂದು ಅವನೇ ನಂಬಿದ.

ನಂಬಿಕೆ ಹೆಚ್ಚು ದೂರ ಬರಲಿಲ್ಲ. ಸಿದ್ದಲಿಂಗಮ್ಮ ಕೂಟಕ್ಕೆ ಬಂದು ಎರಡು ವರ್ಷವಾಗಿತ್ತು. ಅಂಗನವಾಡಿಯಲ್ಲಿ ಟೀಚರಾಗಿದ್ದಾಕೆ, ಯಾರು ಯಾವ ಪುಸ್ತಕ ಕೊಟ್ಟರೂ ಮನೆಗೆ ಹೋಗಿ ಕಂದು ಕಾಗದದ ಬೈಂಡು ಹಾಕಿ, ಮುಂದಿನ ತಿಂಗಳು ಬೈಂಡಿನ ಸಮೇತ ತರುತ್ತಿದ್ದಳು. ಆಕೆ ಬಂದ ಹೊಸತರಲ್ಲೇ ಮೇಷ್ಟ್ರು ಮಿಕ್ಕವರನ್ನೆಲ್ಲ ಪಕ್ಕಕ್ಕೆ ಕರೆದು ವಿಷಯ ಹೇಳಿದ್ದರು. ಹೊಣಕೆರೆ ಒಣಭೂಮಿ, ಆ ಕಡೆಯ ಹುಡುಗರಿಗೆ ಈಜು ಎಲ್ಲಿಂದ ಬರಬೇಕು? ಬೇಸಿಗೆ ರಜಕ್ಕೆ ಪಾಂಡವಪುರದ ಹತ್ತಿರದ ಚಿಕ್ಕಮ್ಮನ ಮನೆಗೆ ಬಂದ ಹನ್ನೊಂದು ವರ್ಷದ ಹುಡುಗ, ಅಷ್ಟು ನೀರನ್ನು ಒಟ್ಟಿಗೆ ಕಂಡವನು, ಎರಡನೇ ದಿನವೇ ನಾಲೆಗೆ ಇಳಿದಿದ್ದ. ಅವತ್ತಿನಿಂದ ಆಕೆಗೆ ಏನು ಕೊಡಬೇಕಾದರೂ ಎಲ್ಲರೂ ನೋಡಿ ಕೊಡುತ್ತಿದ್ದರು. ಹರಟೆ, ಪ್ರವಾಸ, ಗಿಡಮೂಲಿಕೆ, ದಾಸರ ಕತೆ. ಸಾವಿಲ್ಲದ ಪುಸ್ತಕ ಹುಡುಕುವುದು ಸುಲಭದ ಕೆಲಸವಲ್ಲ, ಅದರಲ್ಲೂ ಕನ್ನಡದಲ್ಲಿ. ಆ ಹುಡುಗನ ಹೆಸರೇನು ಎಂದು ಮಾತ್ರ ಕೂಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಸಂದರ್ಭ ಬರದಂತೆ ಎಲ್ಲರೂ ಎಚ್ಚರ ವಹಿಸಿದ್ದರು. ಒಂದು ಸಲ, ಹೋದ ವರ್ಷ ಇರಬೇಕು, ಯಾರೋ ಕೊಟ್ಟ ನಗೆಹನಿಗಳ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡುತ್ತ ಆಕೆ, "ನಂಗೆ ಯಾವಾಗ್ಲೂ ನಗೋ ಪುಸ್ತಕನೇ ಯಾಕೆ ಕೊಡ್ತೀರಿ? ನಾನು ಅಷ್ಟು ಸಪ್ಪಗೆ ಕಾಣ್ತೀನಾ?" ಅಂದಿದ್ದಳು. ಎಲ್ಲರೂ ಜೋರಾಗಿ ನಕ್ಕಿದ್ದರು. ಆಕೆಯ ಮುಖ ಆಗ ಹೇಗಿತ್ತು ಎಂದು ತಿಮ್ಮೇಶ ನೆನಪು ಮಾಡಿಕೊಳ್ಳಲು ನೋಡಿದ, ಬರಲಿಲ್ಲ.

ಬದಲಿಗೆ ಬಂದದ್ದು ಹಿಂದೆ ಡೇರಿಗೆ ಹಾಲು ಹಾಕುತ್ತಿದ್ದ ಜಯಲಕ್ಷ್ಮಮ್ಮನ ಮುಖ. ಅದು ಹನ್ನೆರಡು ವರ್ಷದ ಹಿಂದಿನ ಮಾತು. ಹಾಲಿಗೆ ನೀರು ಬೆರೆಸಿದ್ದೀಯ ಎಂದು ಎಲ್ಲರೆದುರು ಆಕೆಯ ಕ್ಯಾನನ್ನು ಪಕ್ಕಕ್ಕಿಡಿಸಿದ್ದ. ಆಕೆ ಜಗಳಕ್ಕೆ ಬರಲಿಲ್ಲ. "ಒಂದು ಕಿತ ಕಲಕಿ ನೋಡು ತಿಮ್ಮೇಶಣ್ಣ. ಕೆನೆ ಮ್ಯಾಲೆ ಕುಂತಿರ್ತದೆ, ನೀನು ತಳದಿಂದ ತಗುದ್ರೆ ನೀರೇ ಬರಾದು," ಅಂದಳು. ಹಿಂದೆ ಇನ್ನೂ ಮೂವತ್ತು ಜನ ನಿಂತಿದ್ದರು, ಹೊತ್ತಾಗಿತ್ತು, ಕಲಕುವ ಕೋಲು ಕೈಗೆ ಸಿಗಲಿಲ್ಲ. ನಾನು ಎಷ್ಟು ಹಾಲು ನೋಡಿಲ್ಲ ಅಂದಿದ್ದ. ಆಕೆ ಕ್ಯಾನನ್ನು ಹೊತ್ತು ಹೊರಗೆ ಹೋಗಿ ಚರಂಡಿಗೆ ಸುರಿದಳು. ಸುರಿಯುವಾಗ ಮೇಲಿನ ಕೆನೆ ದಪ್ಪಗೆ, ಹಳದಿಯಾಗಿ, ಮುದ್ದೆಮುದ್ದೆಯಾಗಿ ಬಿದ್ದದ್ದನ್ನು ಅವನೊಬ್ಬನೇ ಅಲ್ಲ, ಎಲ್ಲರೂ ನೋಡಿದರು. ಮಾರನೇ ದಿನದಿಂದ ಆಕೆ ಪಕ್ಕದೂರಿನ ಡೇರಿಗೆ ಹಾಲು ಹಾಕಿದಳು. ತಿಮ್ಮೇಶ ಕಲಕುವ ಕೋಲಿಗೆ ದಾರ ಕಟ್ಟಿ ಗೋಡೆಗೆ ತೂಗುಹಾಕಿದ. ಕೋಲಿನ ಪಾಠ ಹಾಲಿಗೆ ಮಾತ್ರ ಎಂದುಕೊಂಡಿದ್ದ ಅಂತ ಕಾಣುತ್ತದೆ.

ಅದಕ್ಕೂ ಹಿಂದೆ, ಮೂರನೇ ಕ್ಲಾಸಿನಲ್ಲಿ, ಇನ್ಸ್‌ಪೆಕ್ಟರು ಬಂದಾಗ ಊರಿನ ಸ್ಕೂಲಿನ ಮೇಷ್ಟ್ರು ಇವನನ್ನೇ ಎಬ್ಬಿಸಿ ಪಾಠ ಓದಿಸಿದ್ದರು. ಬಾಯಿಪಾಠ ಮಾಡಿಸಿದ್ದ ಪಾಠ. ಪುಸ್ತಕವನ್ನು ಮುಖದ ಮುಂದೆ ಹಿಡಿದು ಗಡಗಡ ಒಪ್ಪಿಸುತ್ತಿದ್ದಾಗ ಇನ್ಸ್‌ಪೆಕ್ಟರು ಎದ್ದು ಬಂದು ಹಿಂದೆ ನಿಂತರು. ಬಿಚ್ಚಿದ್ದದ್ದು ಬೇರೆ ಪಾಠದ ಪುಟ. ಅವರು ಬೈಯಲಿಲ್ಲ. ಹಾಳೆಗಳನ್ನು ಒಂದೊಂದಾಗಿ ತಿರುವಿ ಸರಿಯಾದ ಪುಟ ತೆಗೆದುಕೊಟ್ಟು, ಏನೂ ಆಗದವರ ಹಾಗೆ ಹೋಗಿ ಕುಳಿತರು. ಅವರು ಬೈದಿದ್ದರೆ ಅದು ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಬಸ್ಸು ನಾಲೆಯ ಸೇತುವೆ ದಾಟುವಾಗ ತಿಮ್ಮೇಶ ಕಿಟಕಿಯಿಂದ ಕೆಳಗೆ ನೋಡಿದ. ನೀರು ಬಿಟ್ಟಿದ್ದರು. ಕಾವಿ ಬಣ್ಣದ ನೀರು ದಡದ ಕಲ್ಲಿಗೆ ಸಮಸಮವಾಗಿ, ಅವಸರವಿಲ್ಲದೆ ಹೋಗುತ್ತಿತ್ತು. ಇಬ್ಬರು ಹೆಂಗಸರು ಸೋಪಾನದ ಮೇಲೆ ಕಂಬಳಿ ಒಗೆಯುತ್ತಿದ್ದರು. ಕೂಟಕ್ಕೆ ಬರುವ ಪ್ರತಿ ತಿಂಗಳೂ ಸಿದ್ದಲಿಂಗಮ್ಮ ಇಂಥದೇ ನೀರು ಹರಿಯುವ ಊರಿಗೆ ಬರಬೇಕು ಎಂಬುದು ಅವನಿಗೆ ಮೊದಲ ಸಲ ತಲೆಗೆ ಬಂತು.

ಕೂಟ ಸೇರುವುದು ಮೇಷ್ಟ್ರ ತಂಗಿಯ ಮಗ ಹಿಂದೆ ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿನ ಕೋಣೆಯಲ್ಲಿ. ಈಗ ಟೈಪು ಕಲಿಯುವವರಿಲ್ಲ. ಆದರೂ ಮಿಷನ್ನುಗಳು ಬಟ್ಟೆಯ ಗವುಸು ಹೊದ್ದು ಮೇಜಿನ ಮೇಲೆ ಹಾಗೇ ಇದ್ದವು. ಒಬ್ಬೊಬ್ಬರು ಒಂದೊಂದು ಮಿಷನ್ನಿನ ಮುಂದೆ ಕುಳಿತರೆ ಪರೀಕ್ಷೆಗೆ ಕುಳಿತವರ ಹಾಗೆ ಕಾಣುತ್ತಿತ್ತು. ತಿಮ್ಮೇಶ ಹೋಗುವ ಹೊತ್ತಿಗೆ ಸಿದ್ದಲಿಂಗಮ್ಮ ಬಂದಿದ್ದಳು. ಕಿಟಕಿ ಪಕ್ಕದ ಅವಳ ಮಾಮೂಲಿ ಜಾಗ, ತೊಡೆಯ ಮೇಲೆ ಪ್ಲಾಸ್ಟಿಕ್ ಬುಟ್ಟಿ. ಇವನನ್ನು ಕಂಡು ತಲೆಯಾಡಿಸಿದಳು. ಪ್ರತಿ ತಿಂಗಳೂ ಆಡಿಸುವ ಹಾಗೆಯೇ ಆಡಿಸಿದಳು. ಅದರಲ್ಲಿ ಕೋಪವಿದೆಯೋ, ಅತ್ತ ಗುರುತಿದೆಯೋ ಎಂದು ಹುಡುಕಿದ, ಇರಲಿಲ್ಲ. ಪ್ರಮೀಳಾ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು; ಅವಳಿಗೆ ಯಾರೋ ವಿಷಯ ತಿಳಿಸಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ತಾನು, ಮುಟ್ಟಿ ನೋಡಿಕೊಳ್ಳುತ್ತಿರುವವಳು ಅವಳು. ಪಾಪ ಅನ್ನಿಸಿತು, ಆದರೆ ಅವಳ ಕಡೆ ನೋಡಲಿಲ್ಲ.

ಮಾತು ಶುರುವಾಯಿತು. ಒಬ್ಬರು ಬಾವಿಗಳ ಬಗ್ಗೆ ಓದುತ್ತಿದ್ದರು, ಇನ್ನೊಬ್ಬರು ಯಾವುದೋ ಆತ್ಮಕತೆಯ ಇನ್ನೂರ ಹತ್ತನೇ ಪುಟದಲ್ಲಿದ್ದರು. ತಿಮ್ಮೇಶ ತನ್ನ ಸರದಿ ಬಂದಾಗ ಒಂದು ಪ್ರವಾಸದ ಪುಸ್ತಕದ ಹೆಸರು ಹೇಳಿ ಎಪ್ಪತ್ತನೇ ಪುಟ ಅಂದ. ನಿಜವಾಗಿ ಮೂವತ್ತೆಂಟು. ಹೇಳಿ ಮುಗಿಸಿದ ಮೇಲೆ, ಇವತ್ತೂ ಹೇಳಿದೆನಲ್ಲ ಎಂದು ತನ್ನ ಬಗ್ಗೆಯೇ ಆಶ್ಚರ್ಯವಾಯಿತು. ಕುಳಿತುಕೊಳ್ಳುವಷ್ಟರಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರು ಕನ್ನಡಕ ತೆಗೆದರೆ ಭಾಷಣ ಅಂತ ಅರ್ಥ.

"ಒಂದು ಮಾತು ಏಳ್ಬೇಕು. ಸಿದ್ದಲಿಂಗಮ್ಮ, ತಪ್ಪು ತಿಳ್ಕೋಬ್ಯಾಡಿ. ನಾವೆಲ್ಲ ನಿಮ್ಗೆ ಪುಸ್ತಕ ಕೊಡೋವಾಗ ಎದುರ್ಕೊಂಡು ಕೊಡ್ತಿದ್ವಿ. ಅದು ನಿಮ್ಗೂ ಗೊತ್ತು ಅಂತ ಕಾಣ್ತದೆ. ನಮ್ಮ ತಿಮ್ಮೇಶ ಮಾತ್ರ ಬೇಕಂತ್ಲೇ, ಯೋಚ್ನೆ ಮಾಡಿ, ಆ ಪುಸ್ತಕವ ಕೊಟ್ಟವ್ನೆ. ಬೆಳಗ್ಗೆ ನಾನೇ ಕೇಳ್ದೆ. ಅಂತಾ ಧೈರ್ಯ ನಂಗಿರ್ಲಿಲ್ಲ."

ತಿಮ್ಮೇಶ ತನ್ನ ಮುಂದಿದ್ದ ಮಿಷನ್ನಿನ ಗವುಸಿನ ಹೊಲಿಗೆಯನ್ನು ನೋಡುತ್ತಿದ್ದ. ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಈಗಲೂ ಎದ್ದು ಇಲ್ಲ ಅನ್ನಬಹುದಿತ್ತು. ತಲೆ ಎತ್ತಿದಾಗ ಸಿದ್ದಲಿಂಗಮ್ಮ ಅವನನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ. ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರುವವರ ನೋಟ. ಅವನು ಮತ್ತೆ ಹೊಲಿಗೆಯನ್ನು ನೋಡಿದ. ಅಷ್ಟರಲ್ಲಿ ಆಕೆಗೆ ಉತ್ತರ ಸಿಕ್ಕಿತು ಅಂತ ಕಾಣುತ್ತದೆ. ಬುಟ್ಟಿಯಿಂದ ಕಂದು ಬೈಂಡಿನ ಪುಸ್ತಕ ತೆಗೆದಳು.

"ನಾನು ಇದ ಎರಡು ಕಿತ ಓದ್ದೆ," ಅಂದಳು. "ಚೆಂದಾಗೈತೆ. ಇದ ತಿಮ್ಮೇಶಪ್ಪ ಓದ್ಬೇಕು ಅಂತ ಕೊಡ್ತಾ ಇವ್ನಿ."

ಒಂದು ಗಳಿಗೆ ಬಿಟ್ಟು ಯಾರೋ ನಕ್ಕರು, ಉಳಿದವರಿಗೂ ನಗಲು ಅಷ್ಟೇ ಬೇಕಿತ್ತು. "ಅಮ್ಮ, ಅವ್ರೇ ಅಲ್ವಾ ನಿಮ್ಗೆ ಕೊಟ್ಟಿದ್ದು?" ಅಂದಳು ಪ್ರಮೀಳಾ, ಆ ದಿನ ಮೊದಲ ಸಲ ಬಾಯಿಬಿಟ್ಟು.

"ಊಂ ಕನವ್ವ, ಗೊತ್ತು. ಒಳ್ಳೇ ಪುಸ್ತಕವ ಇನ್ನೊಂದ್ಸಲ ಓದುದ್ರೆ ತಪ್ಪೇನು?"

ಪುಸ್ತಕ ಕೈಯಿಂದ ಕೈಗೆ ದಾಟಿ ಅವನ ಹತ್ತಿರ ಬಂತು. ತೆರೆಯದೆಯೇ ಕಾಣುತ್ತಿತ್ತು: ಮೇಲಂಚು ಉದ್ದಕ್ಕೂ ನುಣ್ಣಗಿದ್ದು, ನಡುವೆ ಒಂದು ಕಡ್ಡಿಯಷ್ಟು ಜಾಗದಲ್ಲಿ ಎಂಟು ಹಾಳೆಗಳ ತುದಿ ಗರಗಸದ ಹಾಗೆ ಎದ್ದಿತ್ತು. ತಿಮ್ಮೇಶ ಅದರ ಮೇಲೆ ಹೆಬ್ಬೆರಳು ಇಟ್ಟ. ಹಾಗೇ ಇಟ್ಟುಕೊಂಡೇ ಉಳಿದವರ ಮಾತು ಕೇಳಿದ. ಒಂದೂ ತಲೆಗೆ ಹೋಗಲಿಲ್ಲ.

ಕೂಟ ಮುಗಿದ ಮೇಲೆ ಸಿದ್ದಲಿಂಗಮ್ಮ ಯಾರಿಗೂ ಕಾಯದೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ನಾಗಮಂಗಲದ ಬಸ್ಸು ನಿಲ್ಲುವ ಕಡೆ, ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ತಿಮ್ಮೇಶ ಹತ್ತಿರ ಹೋಗಿ ನಿಂತ.

"ಅಕ್ಕ, ನಾನು ಪೂರ್ತಿ ಓದಿರ್ಲಿಲ್ಲ. ಅದ್ರಲ್ಲಿ ಅಂಗೈತೆ ಅಂತ ಗೊತ್ತಿದ್ರೆ ನಿಮ್ಗೆ ಕೊಡ್ತಾನೇ ಇರ್ಲಿಲ್ಲ. ನಿಮ್ಗೆ ನೋವು ಮಾಡ್ದೆ."

"ಗೊತ್ತು ಬುಡಿ," ಅಂದಳು ಆಕೆ. ಬಸ್ಸು ಬರುವ ಕಡೆ ನೋಡಿದಳು. "ನೋವು ಅಂತೀರಲ್ಲ. ಯಾವ್ದು ನೋವು ಅಂತ ಗೊತ್ತಾ ನಿಮ್ಗೆ? ನಮ್ಮ ಉಡ್ಗ ಓಗಿ ಒಂಬತ್ತು ವರ್ಸ ಆಯ್ತು. ಅವ್ನ ಸುದ್ದಿಯ ನನ್ ಮುಂದೆ ಯಾರೂ ಎತ್ತಾಕಿಲ್ಲ. ನಮ್ಮನೆಯವ್ರು ಅವ್ನ ಪೋಟವ ಬೀರುವೊಳಗೆ ಮಡಗವ್ರೆ. ನಾನು ಬಾಯಿ ತಗುದ್ರೆ ಎದ್ದು ಅಟ್ಟಿ ಕಡೆ ಓಯ್ತಾರೆ. ನೆಂಟ್ರೂ ಅಂಗೇಯ, ನೀವುಗಳೂ ಅಂಗೇಯ. ಈ ಪುಸ್ತಕದಲ್ಲಿ ಆ ಮಗ ಬಿದ್ದಾಗ ನಾನು ಅತ್ತೆ ಅಂತ ಅನ್ಕಂಡಿದ್ರಾ? ಅಳ್ಲಿಲ್ಲ ಕನಪ್ಪ. ಅಬ್ಬ, ಒಬ್ರಾದ್ರೂ ಬಾಯ್ಬುಟ್ರಲ್ಲ ಅನ್ನುಸ್ತು. ನೀವು ಬೇಕಂತ್ಲೇ ಕೊಟ್ಟಿದ್ದೀರಿ ಅಂತ್ಲೇ ಅನ್ಕಂಡೆ. ಮೂರು ದಿನ ಎಷ್ಟು ಅಗುರಾಗಿದ್ದೆ ಅಂದ್ರೆ, ಸಿಕ್ದೋರ್ನೆಲ್ಲ ಮಾತಾಡ್ಸುವ ಅನ್ನುಸ್ತಿತ್ತು."

ಒಂದು ಬಸ್ಸು ಬಂದು ನಿಂತಿತು, ಅದು ಮೇಲುಕೋಟೆಯದು. ಆಕೆ ಬೋರ್ಡು ಓದಿ ಮತ್ತೆ ಬುಟ್ಟಿ ಕೆಳಗಿಟ್ಟಳು.

"ನಾಕ್ನೇ ದಿನ ಅವರೆಕಾಯಿ ಸೋಸ್ತಾ ಕುಂತಿದ್ದೆ. ಈಳಿಗೆಮಣೆ ಮುಂದ್ಲೇ ಇತ್ತು. ಅವಾಗ ಒಳೀತು. ಕೂಡ್ಕಂಡಿದ್ದ ಆಳೆಯ ಅದ್ರಲ್ಲಿ ಸೀಳ್ದೋಳು ನಾನಲ್ವಾ ಅಂತ. ಓದ್ಬೇಕು ಅನ್ನೋ ಆತ್ರದಲ್ಲಿ ಸೀಳ್ವಾಗ ಒಳ್ದೇ ಇರ್ಲಿಲ್ಲ. ಎದ್ದೋಗಿ ಹಿಂದ್ಲ ಆಳೆ ನೋಡುದ್ರೆ ಓದಿ ಮುಗಿಸಿದೆ ಅಂತ ನಿಮ್ಮ ರುಜು ಐತೆ." ಆಕೆಯ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಾನು ಅತ್ತಿದ್ದು ಅವತ್ತು."

ತಾನು ಮಾಡಿದ ತಪ್ಪು ಯಾವುದು ಎಂದು ಬೆಳಗಿನಿಂದ ತಿಮ್ಮೇಶ ಲೆಕ್ಕ ಹಾಕಿದ್ದೆಲ್ಲ ತಪ್ಪಾಗಿತ್ತು. ಗಾಯದ ಮೇಲೆ ಬರೆ ಎಳೆದೆ ಎಂದುಕೊಂಡಿದ್ದ. ನಿಜವಾಗಿ, ಬಾಯಾರಿದವರ ಕೈಗೆ ಚೊಂಬು ಕೊಟ್ಟು, ಅವರು ಕುಡಿಯುತ್ತಿರುವಾಗ ಅದು ನಿಮಗೆ ತಂದದ್ದಲ್ಲ ಅಂದಿದ್ದ. ನಾಚಿಕೆ ಈಗ ಬಂತು, ಬೆಳಗಿನಿಂದ ಬಾಕಿಯಿದ್ದ ಅಷ್ಟೂ ನಾಚಿಕೆ ಒಟ್ಟಿಗೆ.

"ಇವತ್ತು ಮೇಷ್ಟ್ರು ಅಂಗಂದ್ರಲ್ಲ, ಬೇಕಂತ್ಲೇ ಕೊಟ್ರು ಅಂತ," ಅಂದಳು ಸಿದ್ದಲಿಂಗಮ್ಮ. "ಸುಳ್ಳು ಅಂತ ಗೊತ್ತಿದ್ರೂ, ಅದು ನಿಜ ಆಗ್ಬಾರ್ದಾ ದ್ಯಾವ್ರೆ ಅನ್ನುಸ್ತು. ಅದ್ಕೇ ನಿಮ್ಮ ಮುಖ ನೋಡ್ದೆ." ನಾಗಮಂಗಲದ ಬಸ್ಸು ಬಂತು. ಆಕೆ ಬುಟ್ಟಿ ಎತ್ತಿಕೊಂಡು, ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, ಅಂಗನವಾಡಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಓದಿ. ಪೂರ್ತಿ ಓದಿ." ಹುಡುಗನ ಹೆಸರೇನು ಎಂದು ಕೇಳಬೇಕು ಅನ್ನಿಸಿತು ತಿಮ್ಮೇಶನಿಗೆ. ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ರೈಟ್ ಹೇಳಿದ.

ಕೆ.ಆರ್. ಪೇಟೆಯ ಬಸ್ಸಿನಲ್ಲಿ ಅವನಿಗೆ ಸೀಟು ಸಿಕ್ಕಿದ್ದು ಚಿನಕುರಳಿಯಲ್ಲಿ. ಪುಸ್ತಕ ತೆರೆದು ಮೊದಲು ಹಿಂದಿನ ಹಾಳೆ ನೋಡಿದ. ಅವನ ರುಜುವಿನ ಮೇಲೆ ಆಕೆ ಗೀಟು ಹಾಕಿರಲಿಲ್ಲ. ಕೆಳಗೆ ದುಂಡನೆಯ ಅಕ್ಷರದಲ್ಲಿ ತನ್ನ ಹೆಸರು, ಊರು, ತಾರೀಕು ಬರೆದು, ಓದಿ ಮುಗಿಸಿದೆ ಎಂದು ಬರೆದಿದ್ದಳು. ಅದರ ಪಕ್ಕ ತಾರೀಕು ಹಾಕಿ ಎರಡನೇ ಸಲ ಎಂದಿತ್ತು. ಅವನು ನೂರ ಹದಿಮೂರನೆಯ ಪುಟ ತೆಗೆದ. ಈಳಿಗೆಯ ಅಲಗು ಒಂದು ಕಡೆ ದಾರಿ ತಪ್ಪಿ ಮೇಲಿನ ಸಾಲಿನ ಎರಡು ಅಕ್ಷರಗಳನ್ನು ಕೊಯ್ದಿತ್ತು. ಅದು ಮಿಲ್ಲಿಗೆ ರಜೆಯಿದ್ದ ದಿನದ ಕತೆ. ಮಿಷನ್ನಿನ ಬೆಲ್ಟು ಬಿಚ್ಚಿಟ್ಟಿದ್ದಾರೆ, ಸದ್ದಿಲ್ಲ, ಹುಡುಗನಿಗೆ ಮನೆಯಲ್ಲಿ ಹೊತ್ತು ಹೋಗುತ್ತಿಲ್ಲ. ತಿಮ್ಮೇಶ ಪುಟವನ್ನು ಓದಿ ಮುಗಿಸಿದ. ಏನು ಓದಿದೆ ಎಂದು ಕೇಳಿಕೊಂಡರೆ ಹೇಳಲು ಬರಲಿಲ್ಲ, ಮತ್ತೆ ಮೊದಲಿನಿಂದ ಓದಿದ. ಇಷ್ಟು ನಿಧಾನವಾಗಿ ಅವನು ಯಾವತ್ತೂ ಓದಿದವನಲ್ಲ. ಹುಡುಗ ಹೊರಗೆ ಹೋಗಲು ಚಪ್ಪಲಿ ಹುಡುಕುತ್ತಿದ್ದ. ಚಪ್ಪಲಿ ಸಿಗದಿರಲಿ ಅನ್ನಿಸಿತು. ಸೇತುವೆ ಆಗಲೇ ಹಿಂದೆ ಉಳಿದಿತ್ತು, ರಸ್ತೆಯ ಎರಡೂ ಕಡೆ ಕಬ್ಬು, ನಡುನಡುವೆ ಭತ್ತದ ಗದ್ದೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸಂಜೆಯ ಹಾಲಿನ ಜವಾಬ್ದಾರಿ ಆ ದಿನ ಬೇರೆಯವರದು. ಜಗಲಿಯ ಮೇಲೆ ಕುಳಿತು ಮೊಬೈಲು ತೆಗೆದ. ಕೂಟವಿದ್ದ ದಿನ ಗ್ರೂಪಿನಲ್ಲಿ ಯಾರೂ ಬರೆಯುವ ಪದ್ಧತಿಯಿಲ್ಲ. 'ಈಗ ಓದುತ್ತಿರುವುದು' ಎಂದು ಬರೆದು ಕಾದಂಬರಿಯ ಹೆಸರು ಹಾಕಿದ. ಕಳಿಸಿದ. ನಿಮಿಷದಲ್ಲಿ ಮೇಷ್ಟ್ರ ಉತ್ತರ ಬಂತು: 'ಸಿದ್ದಲಿಂಗಮ್ಮನವರ ಮಾತಿಗೆ ಬೆಲೆ ಕೊಟ್ಟು ಮತ್ತೊಮ್ಮೆ ಓದುತ್ತಿದ್ದೀಯ. ಸಂತೋಷ.' ಪ್ರಮೀಳಾ ಅದಕ್ಕೆ ಕೈಮುಗಿಯುವ ಗುರುತು ಹಾಕಿದಳು. ಒಳಗಿಂದ ಉಮ, "ಕಾಪಿ ಆಕ್ಲಾ?" ಅಂದಳು. ಊಂ ಅಂದ. 'ಮತ್ತೊಮ್ಮೆ ಅಲ್ಲ ಸಾರ್,' ಎಂದು ಬರೆದ. 'ಮೊದಲನೇ ಸಲ. ಓದದೇ ರುಜು ಹಾಕಿದ್ದೆ. ಬೇಕಂತಲೇ ಕೊಟ್ಟೆ ಅಂದದ್ದು ಸುಳ್ಳು. ಬೇರೆ ಪುಸ್ತಕಗಳೂ ಹಾಗೆಯೇ, ನಾಲ್ಕು ಬಿಟ್ಟು.' ಕಳಿಸುವ ಗುರುತಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತ. ಉಮ ಕಾಫಿ ತಂದು ಪಕ್ಕದಲ್ಲಿಟ್ಟು, ಅವನ ಭುಜದ ಮೇಲಿಂದ ಬಗ್ಗಿ ಓದಿದಳು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅವನು ಕಳಿಸಿದ.

ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಮೇಷ್ಟ್ರು ಏನೋ ಬರೆಯುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು, ಮತ್ತೆ ನಿಂತಿತು. ಇನ್ನು ಮುಂದಿನ ತಿಂಗಳು ಯಾವ ಮುಖ ಹೊತ್ತು ಹೋಗುವುದು ಎಂದು ತಿಮ್ಮೇಶ ಯೋಚಿಸಿದ. ಕಾಫಿ ಆರಿತು. ಆಮೇಲೆ ಮೊಬೈಲು ಒಂದು ಸಲ ಅಲುಗಿತು. ಗ್ರೂಪಿನಲ್ಲಿ ಅಲ್ಲ; ಸಿದ್ದಲಿಂಗಮ್ಮ ಅವನೊಬ್ಬನಿಗೇ ಬರೆದಿದ್ದಳು.

'ಎಷ್ಟನೇ ಪುಟ?'

ನಿಜ ಹೇಳಲು ಅವನಿಗೆ ಈ ಸಲ ಯೋಚಿಸಬೇಕಾಗಲಿಲ್ಲ. 'ನೂರ ಹದಿಮೂರು' ಎಂದು ಬರೆದ.

ಉತ್ತರ ತಡವಾಗಿ ಬಂತು. ಬಸ್ಸಿಳಿದು ನಡೆಯುತ್ತಿದ್ದಳೋ ಏನೋ. 'ಮಗು ಬೀಳುವುದಕ್ಕೆ ಇನ್ನೂ ಇಪ್ಪತ್ತಾರು ಪುಟ ಇದೆ. ಅಲ್ಲಿಗೆ ಬಂದ ಮೇಲೆ ಫೋನ್ ಮಾಡಿ. ನಮ್ಮ ಹುಡುಗನ ಹೆಸರು ಲೋಕೇಶ.'

ತಿಮ್ಮೇಶ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, ಬೆಳಕಿದ್ದ ಕಡೆಗೆ ತಿರುಗಿ ಕುಳಿತು, ಪುಟ ಮಗುಚಿದ.